ಯುವ ಮುಖಂಡ

ಅಂಗಡಿ ನಂದು ಗಂಗಾವತ್ಯಾಗ, ಬಸ್‌ಸ್ಟ್ಯಾಂಡ್ ಹಿಂದ.
ಚದರ ಅಡಿಗೆ ಹನ್ನೆರಡು ರೂಪಾಯಿ,
ಸುಕ್ಕು ತೆಗೆಯೂದು ಪುಕ್ಕಟೆ.

ಯಂಕೋಬಣ್ಣ ನೀರಾವರಿ ಆಫೀಸಿಂದ ರಿಟೈರಾದ ಮರುದಿನ
ಯುವ ಮುಖಂಡ ಆದ.
ಹತ್ತು ಬೈ ಎಂಟು. ಕಪ್ಪು ಕನ್ನಡಕ. ಕಿವಿಗೆ ಫೋನು,
ಆ ಕಡೆ ಯಾರೂ ಇಲ್ಲ.
ಅವತ್ತೇ ಸಂಜೀಕ ಬಂದ ಅಮರಗುಂಡಪ್ಪ, ರೈಸ್‌ಮಿಲ್ಲಿನಂವ.
ಮೀಸೀಗೆ ಹಚ್ಚಿದ ಕಪ್ಪು ತುಟಿಗೂ ಇಳಿದಿತ್ತು.
"ಅವಂಗ ಎಷ್ಟು ವರ್ಷ ಇಳಿಸೀದಿ?"
"ಇಪ್ಪತ್ತು."
"ನನಗ ಇಪ್ಪತ್ತೈದು ಇಳಿಸು.
ಅವ ನನಗಿಂತ ಮೂರು ತಿಂಗಳು ದೊಡ್ಡಾಂವ,
ಸಾಲಿಯೊಳಗ ಒಂದೇ ಬೆಂಚು."

ಹಂಗ ಸುರು ಆತು.
ವರ್ಷಾ ವರ್ಷಾ ಅವರು ಹುಟ್ಟುಹಬ್ಬ ಮಾಡಿದ್ರು,
ನಾ ವಯಸ್ಸು ಕಳಕೋತ ಬಂದೆ.
ಜೋತ ಕುತ್ತಿಗಿ ಕತ್ತರಿಸಿದೆ,
ಕಣ್ಣ ಕೆಳಗಿನ ಚೀಲ ಖಾಲಿ ಮಾಡಿದೆ,
ಒಮ್ಮೆ ಅವಸರದಾಗ ಯಂಕೋಬಣ್ಣನ ಒಂದು ಕಿವಿನೂ ಹೋತು;
ಫ್ಲೆಕ್ಸ್ ಏರಿಸಿ ಮೂರು ದಿನ, ಯಾರೂ ಕೇಳಲಿಲ್ಲ.
ಅವನ ಹೇಣ್ತಿ ನಿಂತು ದಿಟ್ಟಿಸಿ ನೋಡಿ
"ಇವ ಯಾರಪಾ, ನಮ್ಮ ಅಳಿಯಾನಂಗ ಅದಾನ" ಅಂದ್ಲು.

ಯಂಕೋಬಣ್ಣ ಬಳ್ಳಾರಿಗೆ ಹೋಗಿ ಹಣೀಗೆ ಸೂಜಿ ಹಾಕಿಸ್ಕೊಂಡ.
ಅಮರಗುಂಡಪ್ಪ ಅಂಜನಾದ್ರಿ ಏರ್ತೀನಿ ಅಂದ, ಎಲ್ಲೂ ನಿಂದರದ,
ಐನೂರ ಎಪ್ಪತ್ತೈದು ಮೆಟ್ಲು, ಮುಂದ ವಿಡಿಯೋ ಹುಡುಗ.
ಮ್ಯಾಲ ಚಿರಂಜೀವಿ ಕುಂತಾನ, ನೋಡ್ಲಿ.
ಮುನ್ನೂರ ಹನ್ನೆರಡನೇ ಮೆಟ್ಲದಾಗ
ಕ್ಯಾಮೆರಾಕ್ಕ ಕೈ ಮಾಡಿದ,
ಕೂದಲಾ ಹಿಂದಕ ಸವರಿದ,
ಕುಂತ.
ಅಷ್ಟೇ.
ವಿಡಿಯೋ ಇನ್ನೂ ಐತಿ. ಕಡೀಕ ಒಂದು ಮಂಗ್ಯಾ ಬಂದು
ಅವನ ಕನ್ನಡಕ ಒಯ್ತೈತಿ.

ನನಗ ಕೆಲಸ ಸಸಾರಾತು:
ಅದೇ ಫೋಟೋ, ಅದೇ ನಗು,
ಶುಭಾಶಯ ತೆಗೆದು ಶ್ರದ್ಧಾಂಜಲಿ ಇಟ್ಟೆ.
ಕೇಕು ಅಳಿಸೂದು ಮರ್ತಿದ್ದೆ.

ಸಿಂಗರಿಸಿದ ಕುರ್ಚಿ ಮ್ಯಾಲ ಹೆಣ ಕುಂದರ್ಸಿದ್ರು.
ಮೈ ತೊಳೆದ ನೀರು ಕರ್ರಗ ಹರಿದು ಗಟಾರ ಸೇರಿತ್ತು,
ಮೀಸಿ ಬೆಳ್ಳಗ, ಬೆಳ್ಳಗ ಅಂದ್ರ ಸೋನಾಮಸೂರಿ.
ಯಂಕೋಬಣ್ಣ ಹಾರ ಹಾಕೋ ನೆವದಾಗ ಬಗ್ಗಿದ,
ಬುಡದ ತನಕ ನೋಡಿದ.
ಅಳಬೇಕಂದ; ಹಣಿ ಮದ್ದಿಗೆ ಸೆಟೆದಿತ್ತು.
ನಗಬೇಕಂದ; ಅದಕೂ ಬಗ್ಗಲಿಲ್ಲ.
"ಎಂಥಾ ಗಟ್ಟಿ ಮನಸ್ಸು" ಅಂದ್ರು ಮಂದಿ.

ಹೊರಗ ಕಂಬ ಕಂಬಕ್ಕೂ ಅಮರಗುಂಡಪ್ಪ, ಇಪ್ಪತ್ತೈದರ ಹುಡುಗ.
"ಇನ್ನ ಇವಂಗ ವಯಸ್ಸಾಗಂಗಿಲ್ಲ, ಹೌದಿಲ್ಲೋ?"
ನಾ ಏನನ್ಲಿ.
ಆ ರಾತ್ರಿ ಅಡ್ವಾನ್ಸ್ ಕೊಟ್ಟ: ತಂದೂ ಒಂದು ಶ್ರದ್ಧಾಂಜಲಿ,
ಇಪ್ಪತ್ತನಾಲ್ಕರದ್ದು, ತಾರೀಕು ಖಾಲಿ ಬಿಡು,
ಅಳತಿ ಮಾತ್ರ ಅವಂದಕ್ಕಿಂತ ಒಂದಡಿ ಹೆಚ್ಚು.

ನವೆಂಬರದಾಗ ಪಿಂಚಣಿಗೆ
ಜೀವಂತ ಅದೀನಿ ಅಂತ ಮುಖ ತೋರಿಸ್ಬೇಕು.
ಬ್ಯಾಂಕಿನ ಹುಡುಗಿ ಫೋನು ಹಿಡಿದ್ಲು.
ಕಣ್ಣು ಪಿಳುಕಿಸ್ರಿ. ಪಿಳುಕಿಸಿದ, ಅರ್ಧ.
ಮುಖ ಹೊಂದಿಕೆ ಆಗಿಲ್ಲ.
ಕನ್ನಡಕ ತೆಗೀರಿ. ಆಗಿಲ್ಲ.
ಬೆಳಕಿಗೆ ಬರ್ರಿ. ಆಗಿಲ್ಲ.
"ಇವರು ನೀವಲ್ರೀ, ಅಜ್ಜಾರ."
ಅವ ಮೊದಲು ಜಗಳಾ ತೆಗೆದದ್ದು
ಅಜ್ಜಾರ ಅಂದದ್ದಕ್ಕ.

ಆಮ್ಯಾಲ ನನ್ನ ಹಂತ್ಯಾಕ ಬಂದ.
"ತಮ್ಮಾ, ಇಷ್ಟು ವರ್ಷ ತೆಗೆದಿದ್ದೆಲ್ಲಾ
ಎಲ್ಲ್ಯರ ಇಟ್ಟೀ ಏನು?"
ಇಲ್ರಿ. ಅಳಿಸಿದ್ದನ್ನ ಯಾರು ಇಡ್ತಾರ.

ಎದುರಿನ ಮಿರ್ಚಿ ಬಂಡಿಯಂವ ಅಮರಗುಂಡಪ್ಪನ್ನ ಬಿಚ್ಚಿ
ಬಂಡೀಗೆ ನೆಳ್ಳು ಮಾಡ್ಕೊಂಡಾನ, ತಲೆಕೆಳಗ.
ಒಂದು ಬ್ಯಾಸಗಿ ಬಿಸಿಲು, ದಿನಾ ಎಣ್ಣಿ ಹೊಗಿ;
ಫ್ಲೆಕ್ಸ್ ಮುದುರಿ ಹಣಿ ತುಂಬ ಗೆರಿ, ಗಲ್ಲ ಜೋತೈತಿ.
ಯಂಕೋಬಣ್ಣ ಕೆಳಗ ನಿಂತು ಮಿರ್ಚಿ ಮುರಿದ,
ಮ್ಯಾಲ ನೋಡಿದ, ಬಾಳ ಹೊತ್ತು.
"ಈಗ ನೋಡು," ಅಂದ,
"ಥೇಟ್ ಅವನ ಅದಾನ."